ಬಿಡಿಸಿದ ಮನೆಗಳು

ಕಾಂಕ್ರೀಟಿನ ಗಟ್ಟಿತನ ಅಳೆಯುವ ಸುತ್ತಿಗೆಯಿಂದ ಕಂಬಗಳನ್ನು ಪರೀಕ್ಷಿಸಿ, ಆ ಮೂರಂತಸ್ತಿನ ಕಟ್ಟಡ ವಾಸಕ್ಕೆ ಯೋಗ್ಯವಲ್ಲವೆಂದು ಬರೆದುಕೊಟ್ಟವನು ಇಂಜಿನಿಯರ್ ಧರಣೇಂದ್ರನೇ. ಈಗ ಅದನ್ನು ಕೆಡವುತ್ತಿದ್ದರು. ಅಲ್ಲಿನ ಮನೆ ಖಾಲಿ ಮಾಡಿ ಬೀದಿಯಲ್ಲಿ ಪಾತ್ರೆಪಡಗ ಒಟ್ಟಿಕೊಂಡು ಕೂತಿದ್ದ ಗಂಗವ್ವನ ಮುಖ ನೋಡಲಾರದೆ ಅವನು ತಲೆ ತಗ್ಗಿಸಿ ನಿಂತಿದ್ದ.

"ಮನಿ ಬಿಡಿಸಿದೆ ಅಂತ ಮನಸ್ಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ," ಎಂದಳು ಅವಳು. "ನಿಮ್ಮಿಂದ ನಮ್ಮ ಜೀವ ಉಳೀತು."

ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರಾಯಿತು.

ಅಷ್ಟರಲ್ಲಿ ಕೆಡವುವ ಯಂತ್ರ ನಿಂತಿತು. ಚಾಲಕ ಬೆವರೊರೆಸುತ್ತ ಇಳಿದು ಬಂದ.

"ಎಂಥಾ ಕಂಬ ರೀ ಸರ ಇವು. ಒಡೆಯಾಕ ಹೋಗಿ ನಮ್ಮ ಮಷಿನ್ನಿನ ಉಳೀನ ಮುರೀತು."

ಧರಣೇಂದ್ರ ಹೋಗಿ ಕಾರಿನ ಡಿಕ್ಕಿ ತೆರೆದ. ಸುತ್ತಿಗೆ ಸರಿಯಾಗಿ ಅಳೆಯುತ್ತದೆಯೇ ಎಂದು ಪರೀಕ್ಷೆಗೆ ಮುಂಚೆ ಹೊಡೆದು ನೋಡಬೇಕಾದ ಉಕ್ಕಿನ ದಿಮ್ಮಿ ಅಲ್ಲಿತ್ತು; ಅದಕ್ಕೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ಕನ್ನು ಅವನಿನ್ನೂ ಬಿಚ್ಚಿರಲಿಲ್ಲ.