ಬಲಗಾಲಿನ ಬ್ಯಾಂಡೇಜ್

"ಬಲಗಾಲು ಮುಂದಿಡು," ಎಂದರು ಕೋಚ್ ಮೇಡಂ, ಕ್ರೇಪ್ ಬ್ಯಾಂಡೇಜಿನ ಸುರುಳಿ ಬಿಚ್ಚುತ್ತಾ.

ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಕೂತಿದ್ದ ಕ್ಯಾಪ್ಟನ್ ಗಲಿಬಿಲಿಗೊಂಡಳು. "ನೋವಿರೋದು ಎಡಗಾಲಲ್ಲಿ ಮೇಡಂ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಎದುರಿನವರಿಗೆ ಯಾಕೆ ಗೊತ್ತಾಗಬೇಕು?"

ಸೆಮಿಫೈನಲ್ಲಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಹನ್ನೆರಡು ಹುಡುಗಿಯರಿದ್ದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಈಗ ನೆಟ್ಟಗೆ ನಿಲ್ಲಬಲ್ಲವರು ಐದೇ ಜನ. ಇಬ್ಬರ ಕಣಕಾಲು ಉಳುಕಿತ್ತು, ಇಬ್ಬರ ಬೆರಳು ಮುರಿದಿತ್ತು, ಇನ್ನಿಬ್ಬರು ಭುಜಕ್ಕೆ ಪೆಟ್ಟಾಗಿ ಕೈಯನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡು ಓಡಾಡುತ್ತಿದ್ದರು. ಏಳನೆಯವಳದು ಬೇರೆಯೇ ಕಥೆ. ಗಾಯಗೊಂಡ ಗೆಳತಿಯನ್ನು ನೋಡಿಬರಲೆಂದು ಆಸ್ಪತ್ರೆಗೆ ಹೋದವಳು ಅಲ್ಲಿನ ಒದ್ದೆ ಮೆಟ್ಟಿಲ ಮೇಲೆ ಜಾರಿ, ಅದೇ ವಾರ್ಡಿನಲ್ಲಿ ಪಕ್ಕದ ಮಂಚ ಹಿಡಿದಿದ್ದಳು. ಐದು ಜನ ಅಂಕಣಕ್ಕೆ ಇಳಿಯದಿದ್ದರೆ ಆಡದೆಯೇ ಸೋತಂತೆ. ಆ ಐದನೆಯವಳೇ ಕ್ಯಾಪ್ಟನ್. ಅವಳ ಎಡಮಂಡಿಯನ್ನು ಒತ್ತಿ ನೋಡಿದ ಡಾಕ್ಟರು, ಇನ್ನೊಂದು ಪೆಟ್ಟು ಬಿದ್ದರೆ ಆಟವನ್ನು ಮರೆತುಬಿಡಮ್ಮ ಎಂದಿದ್ದರು. ಹಾಗಾದರೆ ಇವತ್ತು ಆಡಬಹುದೋ ಬೇಡವೋ ಎಂದು ಮೇಡಂ ಕೇಳಲಿಲ್ಲ. ಕೇಳಿದರೆ ಡಾಕ್ಟರು ಉತ್ತರ ಹೇಳಿಬಿಡುತ್ತಾರೆಂಬ ಭಯ ಅವರಿಗಿತ್ತು.

"ಎಡಗಾಲಿಗೇ ಕಟ್ಟಿದ್ರೆ ಒಂದಿಷ್ಟು ಆಧಾರ ಇರುತ್ತಲ್ವಾ ಮೇಡಂ?"

"ಆಧಾರ ಇರುತ್ತೆ. ಜೊತೆಗೆ ವಿಳಾಸನೂ ಬರೆದಿಟ್ಟ ಹಾಗಿರುತ್ತೆ. ಪೆಟ್ಟು ನೆಟ್ಟಗೆ ಅಲ್ಲಿಗೇ ಬರುತ್ತೆ." ಮೇಡಂ ಬಲಮಂಡಿಯ ಸುತ್ತ ಬ್ಯಾಂಡೇಜನ್ನು ಅಚ್ಚುಕಟ್ಟಾಗಿ ಸುತ್ತಿ, ದೂರದಿಂದಲೂ ಕಾಣಲೆಂದು ಇನ್ನೆರಡು ಸುತ್ತು ಹೆಚ್ಚಿಗೆ ಹಾಕಿದರು. "ನಡೀವಾಗ ಈ ಕಾಲನ್ನ ಸ್ವಲ್ಪ ಎಳೀತಾ ಇರು. ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರಬೇಕು, ಗೊತ್ತಾಯ್ತಾ?"

ಮೇಡಂ ಇದನ್ನು ಪುಸ್ತಕ ಓದಿ ಕಲಿತವರಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ, ಇಂಥದೇ ಒಂದು ಪಂದ್ಯದಲ್ಲಿ, ಅವರ ಬ್ಯಾಂಡೇಜ್ ಕಟ್ಟಿದ ಮಂಡಿಯನ್ನೇ ಹುಡುಕಿಕೊಂಡು ಬಂದು ಒಬ್ಬಳು ಗುದ್ದಿದ್ದಳು. ಅಂದಿನಿಂದ ಅವರು ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಾರೆ. ಲೋಕದ ಬಗ್ಗೆ ಅವರ ಅಭಿಪ್ರಾಯವೂ ಅಂದೇ ಗಟ್ಟಿಯಾಗಿಹೋಗಿತ್ತು. ಎಡವಿದ ಕಾಲೇ ಎಡವುತ್ತದೆ ಎಂಬ ಗಾದೆಯನ್ನು ಅವರು ಒಪ್ಪುವುದಿಲ್ಲ. ಅದು ತಾನಾಗಿ ಎಡವುವುದಿಲ್ಲ, ಯಾರೋ ನೋಡಿಕೊಂಡೇ ಕಲ್ಲಿಡುತ್ತಾರೆ ಎನ್ನುತ್ತಾರೆ.

ಆಟ ಶುರುವಾಯಿತು. ಮೇಡಂ ಹೇಳಿದ ಹಾಗೆಯೇ ಕ್ಯಾಪ್ಟನ್ ಬಲಗಾಲನ್ನು ಎಳೆದಳು. ಒಂದು ಕಾಲನ್ನು ಎಳೆದರೆ ಮೈಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅವಳ ಎಡಮಂಡಿ ಬಿಸಿಯೇರಿತ್ತು, ತಂಡ ಎರಡು ಅಂಕ ಮುಂದಿತ್ತು.

"ಮೇಡಂ, ಬಲಗಡೆಗೆ ಒಬ್ಬರೂ ಬರ್ತಾನೇ ಇಲ್ಲ," ಎಂದಳು ಅವಳು ನೀರು ಕುಡಿಯುತ್ತಾ.

ಮೇಡಂ ಕಣ್ಣು ಕಿರಿದು ಮಾಡಿ ಎದುರಾಳಿಗಳ ಬೆಂಚನ್ನು ನೋಡಿದರು. "ಪಾಕಡಾಗಳು. ಪೆಟ್ಟನ್ನ ಕೊನೇ ಐದು ನಿಮಿಷಕ್ಕೆ ಅಂತ ಉಳಿಸಿಕೊಂಡಿದಾರೆ. ಎಳೀತಾನೇ ಇರು, ಬಿಡಬೇಡ."

ಕೊನೆಯ ಐದು ನಿಮಿಷವೂ ಬಂತು. ಚೆಂಡು ರಿಂಗಿಗೆ ಬಡಿದು ಹೊರಗೆ ಸಿಡಿಯಿತು. ಅದರ ಹಿಂದೆ ಕ್ಯಾಪ್ಟನ್ ನೆಗೆದಳು. ಬಲಗಡೆಯಿಂದ ಎದುರು ತಂಡದ ಒಂಬತ್ತನೇ ನಂಬರಿನ ಹುಡುಗಿ ಬಿರುಸಾಗಿ ಓಡಿಬಂದಳು. ಬಂತು ನೋಡು ಎಂದು ಮೇಡಂ ಎದ್ದು ನಿಂತರು. ಆದರೆ ಆ ಹುಡುಗಿ ಕೊನೆಯ ಗಳಿಗೆಯಲ್ಲಿ ಮೈ ತಿರುಗಿಸಿ, ತಾನೇ ಮುಗ್ಗರಿಸುತ್ತಾ ಕ್ಯಾಪ್ಟನ್‌ಳ ಎಡಬದಿಗೆ ಹೊರಳಿದಳು. ಅವಳ ಮಂಡಿ ಕ್ಯಾಪ್ಟನ್‌ಳ ಎಡಮಂಡಿಗೆ ಬಡಿದ ಸದ್ದು ಬೆಂಚಿನವರೆಗೂ ಕೇಳಿಸಿತು.

ಪ್ರಥಮ ಚಿಕಿತ್ಸೆಯ ನರ್ಸಮ್ಮ ಪೆಟ್ಟಿಗೆ ಹಿಡಿದು ಓಡಿಬಂದರು. ಬ್ಯಾಂಡೇಜ್ ಕಂಡದ್ದೇ ತಡ, ಕತ್ತರಿಯಿಂದ ಸರಸರನೆ ಅದನ್ನು ಕತ್ತರಿಸಿ ಬಲಮಂಡಿಗೆ ತಣ್ಣನೆಯ ಸ್ಪ್ರೇ ಹೊಡೆಯತೊಡಗಿದರು. ಕ್ಯಾಪ್ಟನ್‌ಗೆ ನೋವಿನಿಂದ ಬಾಯಿಯೇ ಏಳಲಿಲ್ಲ.

"ಅದಲ್ಲ, ಎಡಗಾಲು," ಎಂದರು ಮೇಡಂ ಮೆಲ್ಲಗೆ. ನರ್ಸಮ್ಮನಿಗೆ ಕೇಳಿಸಲಿಲ್ಲ. ಮೇಡಂ ಎರಡನೇ ಸಲ, ಗ್ಯಾಲರಿಯಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ಹೇಳುವಾಗ ಅವರಿಗೆ ತಮ್ಮ ದನಿಯ ಬಗ್ಗೆಯೇ ಹೇಸಿಗೆಯಾಯಿತು.

ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದ ಒಂಬತ್ತನೇ ನಂಬರಿನವಳ ಮುಖ ಬಿಳಿಚಿಕೊಂಡಿತ್ತು. "ಎಡಗಾಲಾ? ಕಟ್ಟಿರೋ ಕಾಲಿಗೆ ತಗಲಿಬಿಡುತ್ತೆ ಅಂತಾನೇ ನಾನು ಈ ಕಡೆ ತಿರುಗಿದ್ದು ಮೇಡಂ. ಆಟ ಶುರುವಾಗೋ ಮುಂಚೇನೇ ನಮ್ಮ ಸರ್ ಹೇಳಿದ್ರು, ಪಾಪ ಅವರ ಟೀಮಲ್ಲಿ ಉಳಿದಿರೋದೇ ಐದು ಜನ, ಆ ಹುಡುಗಿಯ ಬಲಗಡೆ ಯಾರೂ ಹೋಗಬೇಡಿ, ಸೋತರೂ ಪರವಾಗಿಲ್ಲ ಅಂತ."

ಸ್ಟ್ರೆಚರ್ ಬಂತು. ಕ್ಯಾಪ್ಟನ್‌ಳನ್ನು ಎತ್ತಿ ಮಲಗಿಸಲು ಆ ಹುಡುಗಿಯೂ ಕೈಕೊಟ್ಟಳು. ಬಲಗಾಲನ್ನು ಎರಡೂ ಕೈಯಿಂದ ಜೋಪಾನವಾಗಿ ಹಿಡಿದವಳು, ಊತವಾಗಲಿ ಕಲೆಯಾಗಲಿ ಇಲ್ಲದ ಆ ಮಂಡಿಯನ್ನು ಒಂದು ಗಳಿಗೆ ನೋಡಿ, ತಲೆಯೆತ್ತಿ ಕೇಳಿದಳು:

"ಹಾಗಾದ್ರೆ ಈ ಕಾಲಿಗೆ ಏನಾಗಿತ್ತು ಮೇಡಂ?"