ಎಂಟು ಅಂಕಣದ ಮನೆಯ ಬೆಲೆ

ಗೋಡೆಯ ಬಿರುಕನ್ನು ತಾವಾಗಿಯೇ ಕರೆದು ತೋರಿಸುವ ಸಾಲಗಾರರನ್ನು ವಿಠ್ಠಲರಾಯರು ಇಪ್ಪತ್ತು ವರ್ಷದ ಚಾಕರಿಯಲ್ಲಿ ಕಂಡಿರಲಿಲ್ಲ.

“ಇಲ್ಲಿ ನೋಡ್ರಿ ರಾಯರ, ಬೆರಳು ಹೋಗತೈತಿ,” ಎಂದಳು ಚನ್ನವೀರಮ್ಮ. “ಆ ತೊಲಿಗೆ ಗೆದ್ದಲ ಹತ್ತೈತಿ. ಮಳಿ ಬಂದ್ರ ಮಾಳಿಗಿ ಸೋರತೈತಿ. ಎಲ್ಲಾ ಬರ್ಕೊಳ್ರಿ.”

ರಾಯರು ಬರೆದುಕೊಂಡರು. ಕುರುಗೋಡಿನ ಈ ಮನೆಯನ್ನು ಅಡವಿಟ್ಟು ಸಾಲ ಬೇಕೆಂದು ಅರ್ಜಿ ಹಾಕಿದವನು ಅವಳ ಗಂಡ ಗಾದಿಲಿಂಗಪ್ಪ. ಬೆಲೆ ಏರಿದಷ್ಟೂ ಸಾಲ ಏರುತ್ತದೆ. ಅದಕ್ಕೇ ಜನ ಬಿರುಕಿಗೆ ಸುಣ್ಣ ಬಳಿಯುತ್ತಾರೆ, ಗೆದ್ದಲು ಹಿಡಿದ ಕಂಬಕ್ಕೆ ಮಾವಿನ ತೋರಣ ಕಟ್ಟುತ್ತಾರೆ. ಈ ಹೆಂಗಸು ಹಾಗಲ್ಲ. ಗಂಡನೋ ಮೂಲೆಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ, ತಲೆಯನ್ನೇ ಎತ್ತಲಿಲ್ಲ. ಇದರಲ್ಲೇನೋ ಇದೆ ಎಂದುಕೊಂಡರು ರಾಯರು.

ಅವರು ಹೀಗೆ ಶಂಕಿಸಲು ಕಾರಣವಿತ್ತು. ಮನೆ ಅಡವಿಟ್ಟುಕೊಂಡು ಸಾಲ ಕೊಡುವ ಬಳ್ಳಾರಿಯ ಒಂದು ನಿಧಿಗೆ ಅವರು ಸಿರುಗುಪ್ಪದ ಕಡೆ ಬೆಲೆ ಕಟ್ಟುವವರು. ೧೮೯೧ರ ದೀಪಾವಳಿ ಕಳೆದ ಮೇಲೆ ಹೊಸ ನಿಯಮ ಬಂದಿತ್ತು: ಅಡವಿಟ್ಟ ಮನೆ ಹರಾಜಿನಲ್ಲಿ ಕಟ್ಟಿದ ಬೆಲೆಗೆ ಹೋಗದಿದ್ದರೆ, ಕಮ್ಮಿ ಬಿದ್ದ ಹಣವನ್ನು ಬೆಲೆ ಕಟ್ಟಿದವನ ಸಂಬಳದಲ್ಲಿ ಹಿಡಿಯತಕ್ಕದ್ದು. ಕೆಳಗೆ ಹೊಸ ಅಧ್ಯಕ್ಷರ ಸಹಿ. ಅಕ್ಷರ ಒಂದೂ ತಿಳಿಯದು. ಕೊನೆಯ ಬಾಲ ಮಾತ್ರ ಚೇಳಿನ ಕೊಂಡಿಯಂತೆ ಮೇಲಕ್ಕೆ ಸುತ್ತಿತ್ತು. ಆ ಮಹಾನುಭಾವರ ಮುಖವನ್ನು ಸಿರುಗುಪ್ಪದಲ್ಲಿ ಯಾರೂ ಕಂಡವರಲ್ಲ. ಕುಟುಕಿದ್ದು ಮಾತ್ರ ನಿಜ. ಒಂದೇ ಹರಾಜಿಗೆ ನಲವತ್ತು ರೂಪಾಯಿ ಹೋಗಿ, ಹೆಂಡತಿ ಲಕ್ಷ್ಮೀಬಾಯಿಯ ಕೈಯ ಚಿನ್ನದ ಪಾಟಲಿ ಅಕ್ಕಸಾಲಿಗನ ಪೆಟ್ಟಿಗೆ ಸೇರಿತು. ಇನ್ನೊಮ್ಮೆ ತಪ್ಪಿದರೆ ಚಾಕರಿಯೇ ಇಲ್ಲವೆಂದು ನಿಧಿಯ ಗುಮಾಸ್ತ ಹೇಳಿ ಕಳಿಸಿದ್ದ.

ಅಂದಿನಿಂದ ರಾಯರ ಕೈ ಬಿಗಿಯಾಯಿತು. ಐನೂರರ ಮನೆಗೆ ಇನ್ನೂರೈವತ್ತು. ಇವರಿಗೆ ಬಳ್ಳಾರಿ ಕೋಟೆ ತೋರಿಸಿದರೂ ಬರೀ ಕಲ್ಲಿನ ಬೆಲೆ ಹೇಳುತ್ತಾರೆ ಎಂದು ಪೇಟೆಯಲ್ಲಿ ನಗುತ್ತಿದ್ದರು. ನಗಲಿ. ಹೋದ ಪಾಟಲಿ ನಕ್ಕವರ ಮನೆಯದಲ್ಲವಲ್ಲ!

“ಕಂಬಾ ನೋಡ್ರಿ, ಕಂಬಾ!”

ಪಡಸಾಲೆಯಿಂದ ಗುಡುಗಿದವನು ಜರತಾರಿ ರುಮಾಲಿನ ದಪ್ಪ ಮನುಷ್ಯ. ಈಗಷ್ಟೇ ಬಂದವನು ರಾಯರ ಬೆನ್ನು ಹಿಡಿದ. “ಅಸಲ ತೇಗ ಐತಿ. ಎಂಟು ಅಂಕಣದ ಮನಿ. ನೂರು ಚೀಲ ಜ್ವಾಳ ಹಿಡಿಯೋ ಹಗೇವು ಐತಿ. ಆರು ನೂರಕ್ಕ ಒಂದು ಪೈ ಕಮ್ಮಿ ಬರೀಬ್ಯಾಡ್ರಿ.”

ಅವನ ದನಿ ಕೇಳಿದೊಡನೆ ಚನ್ನವೀರಮ್ಮ ಸೆರಗು ಮುಂದಕ್ಕೆಳೆದುಕೊಂಡು ಬಾಗಿಲ ಮರೆಗೆ ಸರಿದಳು. ಪಾಪ, ಎಷ್ಟು ಹೆದರಿಸಿದ್ದಾನೋ! ಇವನು ದಲಾಲಿಯೇ ಸರಿ, ಬರುವ ಸಾಲದಲ್ಲಿ ಇವನಿಗೂ ಪಾಲಿದೆ ಎಂದು ರಾಯರು ತೀರ್ಮಾನಿಸಿದರು. ದಲಾಲಿಯ ಒಂದೊಂದು ಹೊಗಳಿಕೆಗೂ ಹತ್ತು ರೂಪಾಯಿ ಇಳಿಸುವುದು ಅವರ ಲೆಕ್ಕ. ಕಂಬಕ್ಕೆ ಹತ್ತು ಇಳಿಯಿತು, ಹಗೇವಿಗೆ ಇನ್ನೊಂದು ಹತ್ತು.

“ಹಿಂಗ ಇಳಿಸಿದ್ರ ಮನಿಯವರ ಗತಿ ಏನ್ರಿ?” ಎಂದ ಅವನು, ಪುಸ್ತಕದಲ್ಲಿ ಇಣುಕಿ.

“ಏರಿಸಿದ್ರ ನನ್ನ ಗತಿ ಏನ್ರಿ?” ರಾಯರಿಗೆ ರೇಗಿತು. “ಹೊಸಾ ನಿಯಮ ಗೊತ್ತದೇನು ನಿಮಗ? ಗಾದಿ ಮ್ಯಾಲೆ ಕೂತು ಬರದ ಆ ಪುಣ್ಯಾತ್ಮಗ ಏನು ತಿಳೀಬೇಕು? ಒಂದು ದಿನಾ ಈ ಬಿಸಿಲಾಗ ಬಂದು ನಿಂತು ನೋಡ್ಬೇಕು ಅಂವಾ!”

ಅವನ ಮುಖ ಕೆಂಪಗಾಯಿತು. ಏನೋ ಹೇಳಲು ಬಾಯಿ ತೆರೆದ. ಕಟ್ಟೆಯ ಮೇಲೆ ಕುಳಿತಿದ್ದ ಊರ ಹಿರಿಯ ಗವಿಸಿದ್ದಪ್ಪ ಜೋರಾಗಿ ಕೆಮ್ಮಿದ. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ರಾಯರು ಅಂಕಿ ಬರೆದು ಗಟ್ಟಿಯಾಗಿ ಓದಿದರು. ಮುನ್ನೂರು.

“ಇದಕ್ಕ ಯಾರೂ ತಕರಾರು ತಗಿಯಂಗಿಲ್ಲಲ್ರಿ?” ಬಾಗಿಲ ಹಿಂದಿನಿಂದ ಚನ್ನವೀರಮ್ಮ ಮೆಲ್ಲಗೆ ಕೇಳಿದಳು.

“ನಿಧಿ ಕಟ್ಟಿದ ಬೆಲಿ, ತಾಯಿ. ಖುದ್ದು ಅಧ್ಯಕ್ಷರು ಬಂದ್ರೂ ಬದಲಾಗೂದಿಲ್ಲ.” ಎದೆಯುಬ್ಬಿಸಿ ಹೇಳಿದ ಮೇಲೆ ರಾಯರಿಗೆ ಮರುಕವಾಯಿತು. ಇಷ್ಟು ಬೆಲೆಗೆ ಇನ್ನೂರು ರೂಪಾಯಿ ಸಾಲವೂ ಹುಟ್ಟದು. “ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು.

“ಬ್ಯಾಸರ ಯಾಕ್ರಿ? ಸಾಲ ಯಾರಿಗೆ ಬೇಕಾಗಿತ್ತು? ಅರ್ಜಿ ಹಾಕಿದ್ದು ನಿಮ್ಮನ್ನ ಕರಸಾಕ.” ಬಾಗಿಲ ಹಿಂದೆ ಬಳೆಗಳು ನಕ್ಕವು.

ಗವಿಸಿದ್ದಪ್ಪ ಕಟ್ಟೆಯಿಂದ ಇಳಿದು ಬಂದ. “ಅಣ್ಣ ತಮ್ಮನ ನಡುವ ಮನಿ ಪಾಲು ಆಗಬೇಕಿತ್ರಿ ರಾಯರ. ತಮ್ಮ ಗಾದಿಲಿಂಗಪ್ಪ ಮನಿ ಇಟ್ಕೊಂಡು ಅಣ್ಣಗ ಅರ್ಧಾ ಬೆಲಿ ಕೊಡೋದು. ನಿಧಿಯವರ ಬೆಲಿ ಅಂದ್ರ ತಕ್ಕಡಿ ತೂಕ ಅಂತ ಅಣ್ಣನೇ ಊರ ಮುಂದ ಹೇಳಿದ. ಆಗ್ಲಿ, ಆದ್ರ ನೀನು ಯಾರಂತ ಬಾಯಿ ಬಿಡಬಾರದು ಅಂತ ನಾವು ಮಾತು ತಗೊಂಡ್ವಿ.” ಅವನು ರುಮಾಲಿನವನ ಕಡೆ ತಿರುಗಿದ. “ನಿನ್ನ ಪಾಲು ನೂರೈವತ್ತು, ಮರಿಬಸಪ್ಪ. ಹಾಕು ಸಹಿ.”

ಸೆರಗಿನ ಗುಟ್ಟು ರಾಯರಿಗೆ ಈಗ ತಿಳಿಯಿತು. ಭಾವನೆದುರು ತಮ್ಮನ ಹೆಂಡತಿ ಮುಖ ತೋರಿಸುವುದುಂಟೇ!

ಮರಿಬಸಪ್ಪ ಪಾಲುಪತ್ರದ ಮೇಲೆ ಬಗ್ಗಿದ. ಲೇಖಣಿ ಕರಕರ ಎಂದಿತು. ಅಕ್ಷರ ಒಂದೂ ತಿಳಿಯಲಿಲ್ಲ. ಕೊನೆಯ ಬಾಲ ಮಾತ್ರ ಮೇಲಕ್ಕೆದ್ದು, ಚೇಳಿನ ಕೊಂಡಿಯಂತೆ ಸುತ್ತಿಕೊಂಡಿತು.

ರಾಯರು ಗಾಡಿ ಹತ್ತಿ ಸಿರುಗುಪ್ಪಕ್ಕೆ ಮರಳಿದರು. ಅಧ್ಯಕ್ಷರನ್ನು ಮುಖಕ್ಕೆ ಮುಖ ಕೊಟ್ಟು ಬೈದಾಗಿತ್ತು. ಅವರ ಮನೆಯ ಬೆಲೆಯನ್ನು ಅರ್ಧಕ್ಕೆ ಇಳಿಸಿಯೂ ಆಗಿತ್ತು. ಚಾಕರಿ ಹೋಯಿತೆಂದೇ ಹೆಂಡತಿಗೆ ಹೇಳಿದರು.

“ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನ ಅಂದಾರೇನು?” ಎಂದರು ಲಕ್ಷ್ಮೀಬಾಯಿ. ಮಾತು ತಮಗೇ ಎಂದು ತಿಳಿದು ರಾಯರು ತಲೆ ತಗ್ಗಿಸಿದರು.

ಎಂಟನೆಯ ದಿನ ಬಳ್ಳಾರಿಯಿಂದ ಚೇಳಿನ ಸಹಿಯ ಕಾಗದ ಬಂತು. ಸಂಬಳದಲ್ಲಿ ಹಿಡಿಯುವ ನಿಯಮವನ್ನು ರದ್ದು ಮಾಡಿದೆ, ಈವರೆಗೆ ಹಿಡಿದ ಹಣವನ್ನು ಹಿಂದಕ್ಕೆ ಕೊಡತಕ್ಕದ್ದು. ಮತ್ತು ಇನ್ನು ಮುಂದೆ ಬೆಲೆ ಕಟ್ಟುವವರು ತೇಗದ ಕಂಬಗಳನ್ನು ಮರೆಯತಕ್ಕದ್ದಲ್ಲ.