ಹಿಂದಿನ ತಾರೀಖಿನ ಮೇಜರ್

ಸಮವಸ್ತ್ರ ಕಳಚದೆ, ಬೂಟೂ ಬಿಚ್ಚದೆ, ಮೇಜರ್ ತನ್ನ ಮನೆಯ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ನಾಮಫಲಕದ ಸ್ಕ್ರೂ ತಿರುಗಿಸುತ್ತಿದ್ದ. ಫಲಕದಲ್ಲಿ ಎರಡು ಹೆಸರುಗಳು. ಮೇಲಿನದು ಹೆಂಡತಿಯದು, ಕೆಳಗಿನದು ಅವನದು. ಇಬ್ಬರೂ ಸೇನೆಯ ಸರಬರಾಜು ವಿಭಾಗದಲ್ಲಿ ಮೇಜರ್‌ಗಳೇ. ಆದರೆ ಅವಳು ಮೇಜರ್ ಆಗಿ ವರ್ಷ ಕಳೆದ ಮೇಲೆ ಇವನು ಆದದ್ದು. ಸೇನೆಯಲ್ಲಿ ಯಾರ ಬಡ್ತಿಯ ತಾರೀಖು ಮುಂಚಿನದೋ ಅವರೇ ಹಿರಿಯರು, ಮಲಗುವ ಮಂಚ ಒಂದೇ ಆದರೂ.

"ಏನ್ರೀ ಅದು? ಬಂದೋರಿಗೆ ಮನೆ ಸಿಗಬಾರದು ಅಂತಾನಾ?" ಒಳಗಿನಿಂದ ಬಂದ ಹೆಂಡತಿ ಕೇಳಿದಳು.

"ಸಿಗುತ್ತೆ. ಸರಿಯಾದ ಕ್ರಮದಲ್ಲಿ ಸಿಗುತ್ತೆ." ಸ್ಟೂಲಿನ ಮೇಲಿಂದಲೇ ಜೇಬಿನ ಆದೇಶ ತೆಗೆದು ಅವಳತ್ತ ಚಾಚಿದ. "ತಾರೀಖು ತಿದ್ದಿ ಕಳಿಸಿದಾರೆ. ನಿನಗಿಂತ ಒಂದು ವಾರ ಮುಂಚೇನೇ ನಾನು ಮೇಜರ್. ಓದ್ಕೋ."

"ಹೌದಾ? ಒಳ್ಳೇದಾಯ್ತು ಬಿಡಿ," ಎಂದಳು. ಓದಲೂ ಇಲ್ಲ. ಮುಖ ಸಪ್ಪಗಾಗುತ್ತದೆಂದು ಕಾದಿದ್ದವನಿಗೆ ತನ್ನ ಮುಖವೇ ಸಪ್ಪಗಾದಂತೆ ಅನಿಸಿತು.

ಈ ಒಂದು ತಾರೀಖಿಗಾಗಿ ಅವನು ಸವೆಸಿದ ಬೂಟಿಗೆ ಲೆಕ್ಕವಿಲ್ಲ. ಸರಬರಾಜು ವಿಭಾಗದಲ್ಲಿ ಅಧಿಕಾರಿಗಳಿಗೂ ನಂಬರು, ಸಾಮಾನು ಹೊರುವ ಹೇಸರಗತ್ತೆಗಳಿಗೂ ನಂಬರು. ಅವನ ಬಡ್ತಿಯ ಕಡತ ಹೊರಟದ್ದು ಮುಖ್ಯ ಕಚೇರಿಗೆ; ತಲುಪಿದ್ದು ಅದೇ ನಂಬರಿನ ಹೇಸರಗತ್ತೆಯೊಂದಿದ್ದ ಲಾಯಕ್ಕೆ. ಅಲ್ಲಿನ ಪಶುವೈದ್ಯ ಹೊರಗಿನ ನಂಬರು ನೋಡಿದನೇ ಹೊರತು ಒಳಗಿನ ಹೆಸರು ನೋಡುವ ಗೋಜಿಗೆ ಹೋಗಲಿಲ್ಲ. 'ಹಲ್ಲು ಗಟ್ಟಿಯಿವೆ, ಇನ್ನೂ ಕೆಲವು ವರ್ಷ ಭಾರ ಹೊರಬಲ್ಲದು' ಎಂದು ಷರಾ ಬರೆದು, ಮೊಹರೊತ್ತಿ, ಸಾವಕಾಶವಾಗಿ ವಾಪಸು ಕಳಿಸಿದ. ಅಷ್ಟರಲ್ಲಿ ಹೆಂಡತಿ ಮೇಜರ್ ಆಗಿದ್ದಳು. ಅಲ್ಲಿಂದಾಚೆ ತಾರೀಖು ತಿದ್ದಿಕೊಡಿ ಎಂಬ ಇವನ ಅರ್ಜಿಗಳಿಗೆಲ್ಲ ಒಂದೇ ಉತ್ತರ: ಪರಿಶೀಲನೆಯಲ್ಲಿದೆ.

ಕಚೇರಿಯ ಮಾತು ಹಾಗಿರಲಿ, ಅವನನ್ನು ಹಣ್ಣುಮಾಡಿದ್ದು ಮನೆಯ ಕಾನೂನು. ಕರೆಗಂಟೆ ಆದರೆ ಕಿರಿಯರು ಏಳಬೇಕು, ಹಾಲು ಉಕ್ಕಿದರೆ ಕಿರಿಯರು ಓಡಬೇಕು. ಇಬ್ಬರೂ ಕ್ಯಾಪ್ಟನ್ ಆಗಿದ್ದ ಕಾಲದಲ್ಲಿ ಈ ಕಾನೂನು ಮಾಡಿದವನು ಅವನೇ. ಆಗ ಹಿರಿಯ ತಾನಾಗಿದ್ದ.

ತನ್ನ ಹೆಸರು ಮೇಲಿದ್ದ ಹೊಸ ಫಲಕ ಕೂರಿಸಿ ಒಳಗೆ ಬಂದು, ಕುರ್ಚಿಯಲ್ಲಿ ಕಾಲು ನೀಡಿ ಕುಳಿತ. ಅಷ್ಟರಲ್ಲಿ ಕರೆಗಂಟೆ ಆಯಿತು. ಅಭ್ಯಾಸಬಲದಿಂದ ಅರ್ಧ ಎದ್ದವನು ಮತ್ತೆ ಕೂತ. ಹೆಂಡತಿ ಹೋಗಿ ಇಸ್ತ್ರಿಯವನಿಂದ ಬಟ್ಟೆ ತೆಗೆದುಕೊಂಡು ಬಂದಳು.

"ಕಾಫಿ ಕುಡೀತೀರಾ, ಸಾರ್?"

ಸಾರ್ ಎಂಬ ಮಾತು ಕಿವಿಗೆ ಹಿತವಾಗಿತ್ತು. ಎರಡು ಗುಟುಕು ಕುಡಿದ ಮೇಲೆ ಅವನ ಮನಸ್ಸೂ ದೊಡ್ಡದಾಯಿತು. "ನೋಡು, ಅಷ್ಟು ವರ್ಷ ಗೊರಕೆ ಹೊಡೀತಿದ್ದ ಅರ್ಜಿ, ಈಗ ತಾನಾಗೇ ಎದ್ದು ಬಂತು."

"ತಾನಾಗೇ ಎಲ್ಲಿ ಬರುತ್ತೆ? ಮುಖ್ಯ ಕಚೇರೀಲಿ ನನ್ನ ಗೆಳತಿ ಇದಾಳಲ್ಲ, ಅವಳಿಗೆ ಫೋನ್ ಮಾಡಿದ್ದೆ. ಆಕೇನೇ ಮೇಜಿಂದ ಮೇಜಿಗೆ ಹೊತ್ತುಕೊಂಡು ತಿರುಗಿದ್ದು, ಪಾಪ."

ಇಂಥವಳ ಹೆಸರನ್ನು ಕೆಳಗಿಳಿಸಲು ಸ್ಟೂಲು ಹತ್ತಿದೆನಲ್ಲ ಎಂದು ಮೇಜರ್‌ಗೆ ತನ್ನ ಬಗ್ಗೆಯೇ ಬೇಸರವಾಯಿತು. "ನನಗೋಸ್ಕರ ಮಾಡಿದ್ಯಾ? ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತಿದ್ದೆ. ಆ ಹಿಮದ ಠಾಣೆಗೆ ಮತ್ತೆ ಒಬ್ಬ ಮೇಜರ್ ಬೇಕಂತೆ, ಎರಡು ವರ್ಷಕ್ಕೆ. ನಮ್ಮ ಡಿಪೋದಿಂದ ಹಿರಿಯರನ್ನೇ ಕಳಿಸೋದು ಅಲ್ವಾ? ಇರೋದು ನಾವಿಬ್ಬರೇ."

ಕಾಫಿ ಲೋಟ ತುಟಿಯ ಬಳಿಯೇ ನಿಂತಿತು. ಆ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ಸಲ, ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಹಿರಿಯಳೆಂದು ಅವಳನ್ನೇ ಕಳಿಸಿದ್ದರು. ಅವಳ ಟ್ರಂಕಿಗೆ ಬೀಗ ಹಾಕಿಕೊಟ್ಟವನು ಇವನೇ. ಅವಳು ಎರಡು ಚಳಿಗಾಲ ಕಳೆದು ವಾಪಸು ಬಂದಾಗ ಮಗು ಅವಳನ್ನು ನೋಡಿ ಇವನ ಬೆನ್ನ ಹಿಂದೆ ಅವಿತುಕೊಂಡಿತ್ತು.

"ಮಗಳು ಈಗಲೂ ಸ್ಕೂಲಿಂದ ಬಂದ್ರೆ ಮೊದಲು ನಿಮ್ಮನ್ನೇ ಕೇಳ್ತಾಳೆ," ಹೆಂಡತಿ ಇಸ್ತ್ರಿ ಬಟ್ಟೆಗಳನ್ನು ಎರಡು ಪಾಲು ಮಾಡುತ್ತ ಹೇಳಿದಳು. "ಎರಡು ವರ್ಷ ನನ್ನನ್ನೂ ಕೇಳಲಿ."

ಅವನು ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದ: "ತಾರೀಖನ್ನ ಇನ್ನೊಂದ್ಸಲ ತಿದ್ದಿಸೋಕಾಗುತ್ತಾ?"

"ಅರ್ಜಿ ಕೊಡಿ. ಪರಿಶೀಲಿಸ್ತಾರೆ."

"ಅಮ್ಮಾ," ಮೇಜರ್ ಒಳಕೋಣೆಯತ್ತ ತಿರುಗಿ ಕೂಗಿದ, "ಕೇಳಿಸ್ಕೊಂಡ್ಯಾ ನಿನ್ನ ಸೊಸೆ ಮಾಡಿರೋ ಕೆಲಸಾನ?"

"ಕೇಳಿಸ್ತು ಕಣೋ. ಕೂಗ್ಬೇಡ, ಎಳೆ ತಪ್ಪುತ್ತೆ." ತಾಯಿ ಹೊರಗೆ ಬಂದರು. ಕಂಕುಳಲ್ಲಿ ದಪ್ಪ ಉಣ್ಣೆಯ ಉಂಡೆ, ಕೈಯಲ್ಲಿ ಗಂಡಸಿನ ಅಳತೆಯ ಸ್ವೆಟರು. ಎದೆ, ಬೆನ್ನು, ಕತ್ತಿನ ಪಟ್ಟಿ ಎಲ್ಲ ಮುಗಿದಿತ್ತು. ಅದನ್ನು ಮಗನ ಭುಜಕ್ಕೆ ಹಿಡಿದು ನೋಡಿ, ಸೊಸೆಯ ಕಡೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದರು.

"ಎಡತೋಳು ಆಯ್ತು," ಎಂದರು. "ಎಲ್ಲಿ, ಬಲಗೈ ಚಾಚು."